ಉಸಿರಿಗೆ ಪಂಪ್ ಇದೆ, ಭಯಕ್ಕೆ ಏನಿದೆ?

ಅಸ್ತಮಾ, ಆಹಾರ ಅಲರ್ಜಿ ಇರುವ ಯುವಜನರ ಮಾನಸಿಕ ಆರೋಗ್ಯದ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಎಂಜಿನಿಯರಿಂಗ್ ಓದುವಾಗ ನನ್ನ ಇನ್‌ಹೇಲರ್ ಇರುತ್ತಿದ್ದದ್ದು ಹಾಸ್ಟೆಲ್ ಕಪಾಟಿನಲ್ಲಿ, ಒಂದು ಹಳೇ ಸಾಕ್ಸ್ ಒಳಗೆ. ರೂಮಿನಲ್ಲಿ ನಾಲ್ಕು ಜನ. ರಾತ್ರಿ ಎರಡು ಗಂಟೆಗೆ ಎದೆ ಬಿಗಿದುಕೊಂಡರೆ ಎದ್ದು, ಸಾಕ್ಸ್ ತಗೊಂಡು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಎರಡು ಪಫ್ ಎಳೆದುಕೊಂಡು ಬರುತ್ತಿದ್ದೆ. ಒಂದು ಸಲ ಸಿಕ್ಕಿಬಿದ್ದೆ. "ಏನ್ ಮಗಾ, ಒಳಗೆ ಏನ್ ಹೊಡೀತಿದ್ದೀಯಾ?" ಅಂದ ರೂಮ್‌ಮೇಟ್. ಮರುದಿನದಿಂದ ನನ್ನ ಹೆಸರು "ದಮ್ಮು" ಆಯಿತು. ಅವನೇನೂ ಕೆಟ್ಟವನಲ್ಲ, ಈಗಲೂ ಗೆಳೆಯನೇ. ಆದರೆ ಆಮೇಲೆ ಎರಡು ವರ್ಷ ನಾನು ಕ್ರಿಕೆಟ್ ಆಡಲಿಲ್ಲ, ಟ್ರೆಕ್ಕಿಂಗ್‌ಗೆ ಹೋಗಲಿಲ್ಲ. ಪರೀಕ್ಷೆ ಹತ್ತಿರ ಬಂದರೆ ಸಾಕು, ಉಬ್ಬಸ ಜಾಸ್ತಿ.

ಆ ದಿನಗಳಲ್ಲಿ ನೋಡಿದ ಡಾಕ್ಟರುಗಳೆಲ್ಲ ಕೇಳಿದ್ದು ಧೂಳಿನ ಬಗ್ಗೆ, ತಣ್ಣೀರಿನ ಬಗ್ಗೆ, ಮೊಸರು-ಬಾಳೆಹಣ್ಣಿನ ಬಗ್ಗೆ. "ನಿನಗೆ ಭಯ ಆಗುತ್ತಾ? ನಿದ್ದೆ ಬರುತ್ತಾ?" ಅಂತ ಒಬ್ಬರೂ ಕೇಳಲಿಲ್ಲ. ಈ ಬರಹ ಆ ಕೇಳದ ಪ್ರಶ್ನೆಯ ಬಗ್ಗೆ.

ಎಷ್ಟು ಜನರ ಕತೆ ಇದು?

ಗೂರಲು, ಉಬ್ಬಸ, ದಮ್ಮು ಅಂತ ನಮ್ಮಲ್ಲಿ ಕರೆಯುವ ಅಸ್ತಮಾದಲ್ಲಿ ಶ್ವಾಸನಾಳಗಳ ಒಳಗೋಡೆ ದೀರ್ಘಕಾಲ ಊದಿಕೊಂಡು, ಸಣ್ಣ ಕೆಣಕಿಗೂ ಬಿಗಿದುಕೊಳ್ಳುತ್ತದೆ. 2019ರ ಜಾಗತಿಕ ರೋಗಭಾರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಅಸ್ತಮಾ ಇದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಸುಮಾರು ಶೇ. 13, ಅಸ್ತಮಾ ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನಮ್ಮ ಆರೋಗ್ಯ ವ್ಯವಸ್ಥೆಯ ರಿಪೋರ್ಟ್ ಕಾರ್ಡ್.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಕಾಲ ಗಮನಿಸಿ ದಾಖಲಿಸಿದ್ದಾರೆ. 1979ರಲ್ಲಿ ಅವರಲ್ಲಿ ಅಸ್ತಮಾ ಇದ್ದವರು ಶೇ. 9, 1999ರ ಹೊತ್ತಿಗೆ ಶೇ. 29.5. ಆಸ್ಪತ್ರೆಯ ಲೆಕ್ಕ ಇಡೀ ಊರಿನ ಲೆಕ್ಕ ಅಲ್ಲ, ನಿಜ. ಆದರೆ ನಗರ ಬೆಳೆದ ದಿಕ್ಕನ್ನು ಅದು ಹೇಳುತ್ತದೆ. ಇತ್ತೀಚಿನ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್ ಅಧ್ಯಯನದಲ್ಲಿ ಮೈಸೂರೂ ಒಂದು ಕೇಂದ್ರವಾಗಿತ್ತು. ಅದರ ಪ್ರಕಾರ ಉಬ್ಬಸ ಇರುವ ಭಾರತೀಯರಲ್ಲಿ ಹತ್ತಿರತ್ತಿರ ಶೇ. 82ರಷ್ಟು ಜನರಿಗೆ "ನಿಮಗೆ ಅಸ್ತಮಾ ಇದೆ" ಅಂತ ಯಾವ ವೈದ್ಯರೂ ಹೇಳೇ ಇಲ್ಲ. ಹೆಸರೇ ಇಲ್ಲದ ಕಾಯಿಲೆಗೆ ಹೆದರುವುದು ಇನ್ನೂ ಕಷ್ಟ.

ಇನ್ನು ಮನಸ್ಸಿನ ಲೆಕ್ಕ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 11ರಿಂದ 17 ವರ್ಷದವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸ್ತಮಾ ಇದ್ದವರ ಪೈಕಿ ಶೇ. 16.3 ಜನರಿಗೆ ಆತಂಕ ಅಥವಾ ಖಿನ್ನತೆಯ ಕಾಯಿಲೆ ಇತ್ತು. ಅಸ್ತಮಾ ಇಲ್ಲದವರಲ್ಲಿ ಅದು ಶೇ. 8.6. ಹೆಚ್ಚುಕಮ್ಮಿ ಎರಡು ಪಟ್ಟು. ಭಾರತದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ (2015-16) 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಜನರಿಗೆ ಮಾನಸಿಕ ಸಮಸ್ಯೆ ಇದೆ ಎಂದಿತ್ತು. ಈ ಎರಡು ವಿಷಯವನ್ನೂ ನಮ್ಮಲ್ಲಿ ಬೇರೆ ಬೇರೆ ಇಲಾಖೆಗಳು ನೋಡಿಕೊಳ್ಳುತ್ತವೆ. ಕಾಯಿಲೆ ಮಾತ್ರ ಒಂದೇ ದೇಹದಲ್ಲಿರುತ್ತದೆ.

ಎದೆ ಮತ್ತು ತಲೆ: ಲೂಪ್ ಹೇಗೆ ಕೆಲಸ ಮಾಡುತ್ತೆ?

ಕಾಲೇಜ್ ಫಂಕ್ಷನ್‌ನಲ್ಲಿ ಮೈಕ್ ಸ್ಪೀಕರ್ ಹತ್ತಿರ ಹೋದಾಗ "ಕುಂಯ್ಯ್" ಅಂತ ಕಿರುಚುತ್ತದಲ್ಲ, ನೆನಪಿಸಿಕೊಳ್ಳಿ. ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಮತ್ತೆ ಸ್ಪೀಕರಿಗೆ. ಎಂಜಿನಿಯರಿಂಗ್‌ನಲ್ಲಿ ಇದನ್ನು ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ಅಸ್ತಮಾ ಮತ್ತು ಆತಂಕದ ಸಂಬಂಧ ಹೆಚ್ಚುಕಮ್ಮಿ ಹೀಗೇ.

ಉಸಿರು ಸಿಗದಿದ್ದಾಗ ಹೆದರುವುದು ಮಿದುಳಿನ ಸರಿಯಾದ ಕೆಲಸ. ಹೆದರಿದಾಗ ಉಸಿರಾಟ ವೇಗವಾಗುತ್ತದೆ. ಬಾಯಿಯಿಂದ ಬೇಗಬೇಗ ಎಳೆದುಕೊಂಡ ಗಾಳಿ ತಣ್ಣಗೆ, ಒಣಗಿ ಒಳಗೆ ಹೋಗುತ್ತದೆ. ಮೊದಲೇ ಕೆರಳಿರುವ ಶ್ವಾಸನಾಳಕ್ಕೆ ಅದೇ ಇನ್ನೊಂದು ಕೆಣಕು. ಬಿಗಿತ ಹೆಚ್ಚುತ್ತದೆ, ಭಯವೂ ಹೆಚ್ಚುತ್ತದೆ. ಇದು ಆ ಕ್ಷಣದ ಲೂಪ್.

ನಿಧಾನದ ಲೂಪ್ ಇನ್ನೊಂದಿದೆ. ರಾತ್ರಿ ಉಬ್ಬಸದಿಂದ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಮಂಕು, ಕ್ಲಾಸ್ ತಪ್ಪುತ್ತದೆ, ಆಟ ಬಿಟ್ಟುಹೋಗುತ್ತದೆ, ಗೆಳೆಯರ ಗುಂಪು ಸಣ್ಣದಾಗುತ್ತದೆ. ಖಿನ್ನತೆ ಬಂದವರಿಗೆ ದಿನಾ ಎರಡು ಹೊತ್ತು ಔಷಧಿ ತಗೊಳ್ಳೋ ಹುಮ್ಮಸ್ಸೇ ಇರುವುದಿಲ್ಲ. ಔಷಧಿ ತಪ್ಪಿದರೆ ಮತ್ತೆ ಉಬ್ಬಸ. "ಇವನಿಗೆ ಶಿಸ್ತಿಲ್ಲ" ಅಂತ ಮನೆಯವರು ಬೈಯುವುದು ಈ ಹಂತದಲ್ಲಿ.

ಹಾಗಂತ "ಅಸ್ತಮಾ ಎಲ್ಲಾ ಮನಸ್ಸಿಂದ ಬರೋದು" ಅನ್ನೋ ಮಾತು ತಪ್ಪು. ಶ್ವಾಸನಾಳದ ಊತ ನಿಜ, ಅದನ್ನು ಇಳಿಸಲು ಔಷಧಿ ಬೇಕೇ ಬೇಕು. ಭಯವೂ ಅಷ್ಟೇ ನಿಜ. ಅದು ದೌರ್ಬಲ್ಯ ಅಲ್ಲ, ಕಾಯಿಲೆಯ ಒಂದು ಭಾಗ.

ಪ್ಯಾನಿಕ್ಕಾ, ಅಸ್ತಮಾನಾ?

ಎರಡರಲ್ಲೂ ಎದೆ ಬಿಗಿಯುತ್ತದೆ, ಉಸಿರು ಸಾಲುವುದಿಲ್ಲ, ಹೃದಯ ಓಡುತ್ತದೆ. ಕೆಲವು ಸುಳಿವುಗಳಿವೆ.

- ಅಸ್ತಮಾದಲ್ಲಿ ಸಾಮಾನ್ಯವಾಗಿ ಸುಂಯ್‌ಗುಡುವ ಸದ್ದು, ಕೆಮ್ಮು ಇರುತ್ತದೆ. ಉಸಿರು ಹೊರಬಿಡುವುದೇ ಹೆಚ್ಚು ಕಷ್ಟ.
- ಪ್ಯಾನಿಕ್‌ನಲ್ಲಿ ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತಾರಕಕ್ಕೇರಿ ಆಮೇಲೆ ಇಳಿಯುತ್ತದೆ.
- ಪೀಕ್ ಫ್ಲೋ ಮೀಟರ್ ಅನ್ನೋ ಸಣ್ಣ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಚೆನ್ನಾಗಿರುವ ದಿನಗಳಲ್ಲಿ ಊದಿ ನಿಮ್ಮ ಗರಿಷ್ಠ ಅಂಕಿ ಬರೆದಿಟ್ಟುಕೊಳ್ಳಿ. ಅದರ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು.

ಅನುಮಾನ ಇದ್ದರೆ? ಅಸ್ತಮಾ ಅಂತಲೇ ತಿಳಿದು ರಿಲೀವರ್ ಇನ್‌ಹೇಲರ್ ಬಳಸಿ. ಪ್ಯಾನಿಕ್ ಇದ್ದು ಎರಡು ಪಫ್ ತಗೊಂಡರೆ ಸ್ವಲ್ಪ ಕೈ ನಡುಗಬಹುದು. ಅಸ್ತಮಾ ಇದ್ದು ಪ್ಯಾನಿಕ್ ಅಂತ ಸುಮ್ಮನೆ ಕೂತರೆ ಜೀವಕ್ಕೇ ಅಪಾಯ. ಮಾತು ಪೂರ್ತಿ ಮಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಇನ್‌ಹೇಲರ್‌ಗೆ ಜಗ್ಗದಿದ್ದರೆ 108ಕ್ಕೆ ಫೋನ್ ಮಾಡಿ. ಕಾಯಬೇಡಿ.

ಔಷಧಿಯೇ ಮನಸ್ಸನ್ನು ಮುಟ್ಟಿದಾಗ

ಇದನ್ನು ಪ್ರಿಸ್ಕ್ರಿಪ್ಷನ್ ಬರೆಯುವಾಗಲೇ ಹೇಳಬೇಕು. ಬಹಳ ಕಡೆ ಹೇಳುವುದಿಲ್ಲ.

ಸಾಲ್ಬುಟಮಾಲ್, ಅಂದರೆ ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಸಿಗುವ ರಿಲೀವರ್, ಎದೆಬಡಿತ ಹೆಚ್ಚಿಸುತ್ತದೆ, ಕೈ ನಡುಗಿಸುತ್ತದೆ. ಅದನ್ನೇ ಪ್ಯಾನಿಕ್ ಅಂದುಕೊಂಡು ಹೆದರುವವರಿದ್ದಾರೆ. ಅಟ್ಯಾಕ್ ಆದಾಗ ಕೊಡುವ ಸ್ಟೆರಾಯ್ಡ್ ಮಾತ್ರೆ ಕೆಲವರಲ್ಲಿ ನಿದ್ದೆ ಕೆಡಿಸಿ ಮೂಡ್ ಏರುಪೇರು ಮಾಡುತ್ತದೆ. ದಿನನಿತ್ಯದ ಪ್ರಿವೆಂಟರ್ ಇನ್‌ಹೇಲರ್‌ನಲ್ಲಿ ಸ್ಟೆರಾಯ್ಡ್ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಆ ಹೆಸರಿಗೆ ಹೆದರಿ ಅದನ್ನು ಬಿಡಬೇಡಿ.

ಮಾಂಟೆಲುಕಾಸ್ಟ್ ಮಾತ್ರೆ ನಮ್ಮಲ್ಲಿ ಮೂಗು ಸೋರಿದರೂ ಬರೆದುಕೊಡುತ್ತಾರೆ, ಅದೂ ಇನ್ನೊಂದು ಅಲರ್ಜಿ ಔಷಧಿ ಸೇರಿಸಿದ ಕಾಂಬಿನೇಷನ್‌ನಲ್ಲಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಿಗೆ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿತು: ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು, ನೆಗಡಿಯಂಥ ಸಣ್ಣ ಅಲರ್ಜಿಗೆ ಬೇರೆ ದಾರಿ ಇದ್ದರೆ ಇದನ್ನು ಬಳಸಬೇಡಿ ಎಂದು. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಮಾತ್ರೆ ಶುರುವಾದ ಮೇಲೆ ಸ್ವಭಾವ ಬದಲಾದ ಹಾಗೆ ಅನಿಸಿದರೆ ತಕ್ಷಣ ಡಾಕ್ಟರಿಗೆ ಹೇಳಿ.

ಇನ್ನೊಂದು ವಿಷಯ ಸ್ಟೂಡೆಂಟ್ಸ್‌ಗೆ ಗೊತ್ತಿರಲೇಬೇಕು. ಇಂಟರ್‌ವ್ಯೂ, ಸ್ಟೇಜ್ ಭಯಕ್ಕೆ ಪ್ರೊಪ್ರಾನೊಲಾಲ್ ಅನ್ನೋ ಮಾತ್ರೆಯನ್ನು ಗೆಳೆಯರ ಮಾತು ಕೇಳಿ ನುಂಗುವುದುಂಟು. ಅಸ್ತಮಾ ಇರುವವರಲ್ಲಿ ಅದು ಶ್ವಾಸನಾಳವನ್ನು ಬಿಗಿ ಮಾಡಿ ಅಪಾಯ ತರುತ್ತದೆ. ಆತಂಕಕ್ಕೆ ಚಿಕಿತ್ಸೆಗೆ ಹೋದಾಗ ಮೊದಲ ವಾಕ್ಯವೇ "ನನಗೆ ಅಸ್ತಮಾ ಇದೆ" ಆಗಿರಲಿ.

ತಟ್ಟೆಯ ಮುಂದಿನ ಭಯ

ಆಹಾರ ಅಲರ್ಜಿ ಅಂದರೆ ಹೊಟ್ಟೆಗೆ ಹಿಡಿಸದಿರುವುದು ಅಲ್ಲ. ಕಡಲೆಕಾಯಿ, ಸಿಗಡಿ, ಹಾಲು, ಮೊಟ್ಟೆ ಹೀಗೆ ಯಾವುದೋ ಒಂದರ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರು ಅಂದುಕೊಳ್ಳುತ್ತದೆ. ಮೈಯೆಲ್ಲ ದದ್ದು, ತುಟಿ-ನಾಲಿಗೆ ಊತ, ವಾಂತಿ, ಉಸಿರುಗಟ್ಟುವಿಕೆ, ರಕ್ತದೊತ್ತಡ ಕುಸಿತ. ತೀವ್ರವಾದರೆ ಅದಕ್ಕೆ ಅನಾಫಿಲಾಕ್ಸಿಸ್ ಅಂತ ಹೆಸರು. ಹತೋಟಿಯಲ್ಲಿಲ್ಲದ ಅಸ್ತಮಾವೂ ಜೊತೆಗಿದ್ದರೆ ಅಪಾಯ ಹೆಚ್ಚು. ಆಹಾರದಿಂದ ಸಾವಿನ ಅಪಾಯ ಹೆಚ್ಚಿರುವುದು ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರಲ್ಲಿ. ಅಮ್ಮನ ಕೈಯಡುಗೆ ಬಿಟ್ಟು ಹೊರಗೆ ತಿನ್ನಲು ಶುರು ಮಾಡುವ ವಯಸ್ಸು, ಗುಂಪಿನಲ್ಲಿ "ನಂಗಿದು ಆಗಲ್ಲ" ಅನ್ನಲು ನಾಚಿಕೆಪಡುವ ವಯಸ್ಸು.

ಬ್ರಿಟನ್‌ನಲ್ಲಿ 2003ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳನ್ನು, ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯ ಮಕ್ಕಳನ್ನು ಹೋಲಿಸಿತ್ತು. ತಿನ್ನುವುದರ ಬಗ್ಗೆ ಹೆಚ್ಚು ಹೆದರಿದ್ದವರು ಅಲರ್ಜಿ ಮಕ್ಕಳು. ನ್ಯೂಯಾರ್ಕ್‌ನ ಅಲರ್ಜಿ ಕ್ಲಿನಿಕ್ಕೊಂದರ 2013ರ ಅಧ್ಯಯನದಲ್ಲಿ ಶೇ. 31.5 ಮಕ್ಕಳು ಅಲರ್ಜಿಯ ಕಾರಣಕ್ಕೇ ಕಿಚಾಯಿಸಿಕೊಂಡಿದ್ದೇವೆ, ಬೆದರಿಸಿಕೊಂಡಿದ್ದೇವೆ ಅಂದರು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಅಪ್ಪ-ಅಮ್ಮನಿಗೆ ಮಾತ್ರ ಅದು ಗೊತ್ತಿತ್ತು. ಗೊತ್ತಿದ್ದ ಮನೆಗಳ ಮಕ್ಕಳು ಸ್ವಲ್ಪ ನೆಮ್ಮದಿಯಾಗಿದ್ದರು.

ನಮ್ಮಲ್ಲಿ ಹೇಗಿದೆ? ಬೆಂಗಳೂರು, ಮೈಸೂರು ಭಾಗದ ವಯಸ್ಕರ ಮೇಲೆ ನಡೆದ ಯೂರೋಪ್ರೆವಾಲ್ ಅಧ್ಯಯನ (2016) ಒಂದು ಕುತೂಹಲದ ಸಂಗತಿ ಕಂಡುಕೊಂಡಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೂ ಆಹಾರಕ್ಕೆ "ಪಾಸಿಟಿವ್" ಬಂದವರು ಶೇ. 26.5. ತಿಂದಾಗ ನಿಜವಾಗಿ ಅಲರ್ಜಿಯಾಗುವ ಸಾಧ್ಯತೆ ಇದ್ದವರು ಬರೀ ಶೇ. 1.2. ಇದೇ ಯೋಜನೆಯ ಇನ್ನೊಂದು ಭಾಗದಲ್ಲಿ ಭಾರತದ ಶಾಲಾಮಕ್ಕಳ ಪ್ರಮಾಣ ಶೇ. 0.14.

ಇದರ ಅರ್ಥ ಎರಡು. ಒಂದು, ಲ್ಯಾಬಿನವರ ಪ್ಯಾಕೇಜ್ ನೋಡಿ ಉದ್ದನೆಯ ಅಲರ್ಜಿ ಪಟ್ಟಿ ಮಾಡಿಸಿ, ಅದರಲ್ಲಿ ಬಂದದ್ದನ್ನೆಲ್ಲ ಬಿಡಬೇಡಿ. ಗೋಧಿ ಬೇಡ, ತೊಗರಿ ಬೇಡ, ಬದನೆ ಬೇಡ ಅಂತ ಬದುಕುವ ಎಷ್ಟೋ ಹುಡುಗ ಹುಡುಗಿಯರಿಗೆ ಅಲರ್ಜಿ ಇಲ್ಲವೇ ಇಲ್ಲ, ಉಳಿದಿರುವುದು ಊಟದ ಭಯ ಮಾತ್ರ. ಪರೀಕ್ಷೆಯ ಫಲಿತಾಂಶವನ್ನು ತಿಂದಾಗ ಆದ ಅನುಭವದ ಜೊತೆ ಇಟ್ಟು ನೋಡುವ ತಜ್ಞರು ಬೇಕು. ಎರಡು, ಬಿಸಿಯೂಟದಲ್ಲಿ ಮೊಟ್ಟೆ ಬೇಡ ಅನ್ನುವವರು ಅಲರ್ಜಿಯನ್ನು ನೆಪ ಮಾಡಿಕೊಳ್ಳಬಾರದು. ಸಾವಿರಕ್ಕೆ ಒಂದೆರಡು ಮಕ್ಕಳಿಗೆ ಯಾವುದೋ ಒಂದು ಆಹಾರ ಆಗದಿದ್ದರೆ ಆ ಮಗುವಿನ ಹೆಸರು, ಅದಕ್ಕಾಗದ ಪದಾರ್ಥ ಶಾಲೆಯ ದಾಖಲೆಯಲ್ಲಿರಬೇಕು, ಬದಲಿ ಊಟ ಸಿಗಬೇಕು. ಉಳಿದ ಮಕ್ಕಳ ಮೊಟ್ಟೆ ಕಸಿಯುವುದಕ್ಕೆ ಅದು ಕಾರಣವಲ್ಲ.

ನಿಜವಾಗಿ ಅಲರ್ಜಿ ಇರುವ ಆ ಕೆಲವರ ಕಷ್ಟ ಮಾತ್ರ ನಮ್ಮಲ್ಲಿ ದುಪ್ಪಟ್ಟು. ಅನಾಫಿಲಾಕ್ಸಿಸ್‌ಗೆ ಮೊದಲ ಔಷಧಿ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಶ್ರೀಮಂತ ದೇಶಗಳಲ್ಲಿ ಮಕ್ಕಳು ಅದನ್ನು ಪೆನ್ನಿನ ರೂಪದಲ್ಲಿ ಬ್ಯಾಗಲ್ಲಿಟ್ಟುಕೊಂಡು ಓಡಾಡುತ್ತಾರೆ. ನಮ್ಮಲ್ಲಿ ಆ ಪೆನ್ ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು ಅಗ್ಗದ ಆಂಪೂಲ್. ಅದನ್ನು ಒಡೆದು, ಸಿರಿಂಜಿಗೆ ಎಳೆದು, ಅಳತೆ ನೋಡಿ ಚುಚ್ಚಿಕೊಳ್ಳುವುದು ಉಸಿರುಗಟ್ಟುತ್ತಿರುವ ಹದಿನಾರರ ಹುಡುಗಿಯ ಕೈಯಲ್ಲಿ ಆಗುವ ಕೆಲಸವಲ್ಲ. ಅವಳ ಭಯ ಅತಿರೇಕ ಅಂತ ಯಾರಾದರೂ ಹೇಗೆ ಹೇಳೋದು?

ಯಾರಿಗೆ ಹೆಚ್ಚು ಪೆಟ್ಟು?

ಇನ್‌ಹೇಲರ್ ಅಂದರೆ "ಕೊನೇ ಹಂತ", "ಒಂದ್ಸಲ ಹಿಡಿದರೆ ಬಿಡೋಕಾಗಲ್ಲ" ಅನ್ನೋ ನಂಬಿಕೆ ಇನ್ನೂ ಇದೆ. ಎರಡೂ ಸುಳ್ಳು. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಔಷಧಿಗೆ ನಮ್ಮ ಗಡಿ ಜಿಲ್ಲೆಗಳಿಂದಲೂ ಜನ ಹೋಗುತ್ತಾರೆ. ಅವರನ್ನು ಮೂಢರು ಅಂತ ನಗುವ ಮೊದಲು, ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರಿವೆಂಟರ್ ಇನ್‌ಹೇಲರ್ ಇದೆಯಾ ಅಂತ ಕೇಳಬೇಕು. ರಿಲೀವರ್ ಒಂದನ್ನೇ ನಂಬಿಕೊಂಡಿರುವುದು ಸರಿಯಲ್ಲ ಎಂದು ಅಂತಾರಾಷ್ಟ್ರೀಯ ಜಿನಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಹದಿಹರೆಯದವರಿಗೂ ವಯಸ್ಕರಿಗೂ ಉಸಿರಿನ ಮೂಲಕ ತಗೊಳ್ಳುವ ಸ್ಟೆರಾಯ್ಡ್ ಇರುವ ಚಿಕಿತ್ಸೆ ಬೇಕು.

ಹುಡುಗಿಯರಿಗೆ ಇನ್ನೊಂದು ಬೀಗ. "ಹೆಣ್ಣು ನೋಡೋಕೆ ಬಂದಾಗ ಪಂಪ್ ಕಾಣಿಸಬೇಡ" ಅನ್ನುವ ಮನೆಗಳಿವೆ. ಬಚ್ಚಿಟ್ಟ ಕಾಯಿಲೆ ಗಂಡನ ಮನೆಯಲ್ಲೂ ಬಚ್ಚಿಟ್ಟೇ ಇರಬೇಕು, ಒಗ್ಗರಣೆ ಹೊಗೆಯಲ್ಲಿ, ಊದುಬತ್ತಿ ಹೊಗೆಯಲ್ಲಿ. ರಸ್ತೆ ಗುಡಿಸುವ, ಕಟ್ಟಡ ಕಟ್ಟುವ, ಮುಖ್ಯರಸ್ತೆಗೆ ಅಂಟಿದ ಒಂದೇ ಕೋಣೆಯಲ್ಲಿ ಮಲಗುವವರಿಗೆ "ಧೂಳಿಂದ ದೂರ ಇರಿ" ಅನ್ನುವುದು ಸಲಹೆಯಲ್ಲ, ಅಣಕ. ಗಾಳಿ ಎಲ್ಲರಿಗೂ ಒಂದೇ ಅನ್ನೋ ಮಾತನ್ನು ಬೆಂಗಳೂರಿನ ನಕ್ಷೆ ಒಪ್ಪುವುದಿಲ್ಲ.

ಕಾನೂನು ಏನು ಕೊಡುತ್ತೆ, ಏನು ಕೊಡಲ್ಲ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಕ್ಕು ಎಂದು ಹೇಳುತ್ತದೆ. ದೈಹಿಕ ಕಾಯಿಲೆಗೆ ಇರುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂಬುದು ಅದರ 21ನೇ ಸೆಕ್ಷನ್‌ನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅಸ್ತಮಾ, ಅಲರ್ಜಿ ಇಲ್ಲ. ಹಾಗಾಗಿ ಪರೀಕ್ಷೆಯ ಮಧ್ಯೆ ಉಬ್ಬಸ ಬಂದರೆ ಹೆಚ್ಚುವರಿ ಸಮಯ ಕೇಳಲು ವಿದ್ಯಾರ್ಥಿಗೆ ಆ ಕಾಯ್ದೆಯಲ್ಲಿ ನೇರ ಆಧಾರವಿಲ್ಲ. ಎಷ್ಟೋ ಕಡೆ ಅದು ಕೊಠಡಿ ಮೇಲ್ವಿಚಾರಕರ ಮನಸ್ಸಿಗೆ ಬಿಟ್ಟದ್ದು.

ಪ್ಯಾಕೆಟ್ ಆಹಾರದ ಮೇಲೆ ಅಲರ್ಜಿ ಪದಾರ್ಥ ನಮೂದಿಸಬೇಕು ಎಂದು ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬೀಜಗಳು, ಸೋಯಾ, ಸಲ್ಫೈಟ್ ಆ ಪಟ್ಟಿಯಲ್ಲಿವೆ. ಎಳ್ಳು, ಸಾಸಿವೆ ಇರಲಿಲ್ಲ. ಎಳ್ಳು-ಬೆಲ್ಲ ಹಂಚುವ, ಸಾಸಿವೆ ಇಲ್ಲದೆ ಒಗ್ಗರಣೆಯೇ ಆಗದ ನಾಡು ನಮ್ಮದು.

ಬೇರೆಡೆ ಕಾನೂನು ಬದಲಾದದ್ದು ಹೇಗೆ? 2016ರಲ್ಲಿ ಬ್ರಿಟನ್ನಿನ 15 ವರ್ಷದ ನತಾಶಾ ಎಡ್ನಾನ್-ಲಪರೂಸ್ ವಿಮಾನ ನಿಲ್ದಾಣದಲ್ಲಿ ಕೊಂಡ ಸ್ಯಾಂಡ್‌ವಿಚ್‌ನ ಹಿಟ್ಟಿನಲ್ಲಿ ಎಳ್ಳಿತ್ತು. ಲೇಬಲ್ ಮೇಲೆ ಇರಲಿಲ್ಲ. ಅವಳು ತೀರಿಕೊಂಡಳು. ತಂದೆತಾಯಿ ಹೋರಾಡಿದರು. 2021ರ ಅಕ್ಟೋಬರ್‌ನಿಂದ ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡುವ ತಿಂಡಿಗೂ ಪೂರ್ತಿ ಪದಾರ್ಥ ಪಟ್ಟಿ ಅಲ್ಲಿ ಕಡ್ಡಾಯವಾಯಿತು. ಲೇಬಲ್ ನಂಬಬಹುದು ಅನ್ನುವುದೇ ಆತಂಕಕ್ಕೆ ಅರ್ಧ ಔಷಧಿ.

ಏನು ಮಾಡಬಹುದು?

ನಿಮಗೇ ಕಾಯಿಲೆ ಇದ್ದರೆ:

- ಒಂದು ಹಾಳೆಯಲ್ಲಿ ಬರೆದ ಪ್ಲ್ಯಾನ್ ಡಾಕ್ಟರ ಹತ್ತಿರ ಕೇಳಿ ಪಡೆಯಿರಿ: ದಿನಾ ಏನು, ಹದಗೆಟ್ಟರೆ ಏನು, ಯಾವಾಗ ಆಸ್ಪತ್ರೆ. ಏನು ಮಾಡಬೇಕು ಅಂತ ಗೊತ್ತಿದ್ದಾಗ ಭಯ ಇಳಿಯುತ್ತದೆ.
- ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ನಿದ್ದೆಗೇಡು, ಹೊರಗೆ ಹೋಗಲು ಅಥವಾ ತಿನ್ನಲು ಹೆದರಿಕೆ ಇದ್ದರೆ ಅದನ್ನೂ ಅದೇ ಡಾಕ್ಟರಿಗೆ ಹೇಳಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಆತಂಕಕ್ಕೆ ಕೆಲಸ ಮಾಡುತ್ತದೆ. ಉಸಿರಾಟದ ತರಬೇತಿ ಸಹಾಯಕ್ಕೆ ಬರುತ್ತದೆ, ಆದರೆ ಇನ್‌ಹೇಲರ್‌ಗೆ ಬದಲಿ ಅಲ್ಲ.
- ಟೆಲಿ ಮಾನಸ್ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಯ ಕೇಂದ್ರಸ್ಥಾನ ನಮ್ಮ ನಿಮ್ಹಾನ್ಸ್. ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನಿಸಿದರೆ ಆ ಕ್ಷಣವೇ ಮಾಡಿ. ಜಿಲ್ಲೆಗಳಲ್ಲಿ ಯುವ ಸ್ಪಂದನ ಕೇಂದ್ರಗಳೂ ಇವೆ.

ಗೆಳೆಯರಾಗಿದ್ದರೆ: ಇನ್‌ಹೇಲರ್ ಎಲ್ಲಿದೆ ಅಂತ ತಿಳಿದಿಟ್ಟುಕೊಳ್ಳಿ. ಅಟ್ಯಾಕ್ ಆದಾಗ ನೇರ ಕೂರಿಸಿ, ಪಕ್ಕದಲ್ಲಿರಿ, ನಿಧಾನಕ್ಕೆ ಮಾತಾಡಿ. "ಏನೂ ಆಗಲ್ಲ ಬಿಡು" ಅನ್ನಬೇಡಿ. ಅಡ್ಡಹೆಸರು ಇಡಬೇಡಿ.

ವಿದ್ಯಾರ್ಥಿ ಸಂಘಟನೆಗಳಲ್ಲಿದ್ದರೆ ಕೇಳಬಹುದಾದ ಬೇಡಿಕೆಗಳು ಇವು: ಪ್ರತಿ ಹಾಸ್ಟೆಲ್‌ನಲ್ಲಿ ರಿಲೀವರ್ ಇನ್‌ಹೇಲರ್, ಸ್ಪೇಸರ್ ಮತ್ತು ತರಬೇತಿ ಪಡೆದ ಒಬ್ಬರು, ಮೆಸ್ಸಿನ ಗೋಡೆಯ ಮೇಲೆ ಅಲರ್ಜಿ ಪದಾರ್ಥಗಳ ಪಟ್ಟಿ, ಪರೀಕ್ಷಾ ಕೊಠಡಿಗೆ ಇನ್‌ಹೇಲರ್ ಒಯ್ಯಲು ಲಿಖಿತ ಅನುಮತಿ, ಪಿಎಚ್‌ಸಿಯಲ್ಲಿ ಪ್ರಿವೆಂಟರ್ ಇನ್‌ಹೇಲರ್ ತಪ್ಪದೆ ಸಿಗುವುದು, ಅಡ್ರಿನಲಿನ್ ಪೆನ್ ಕೈಗೆಟುಕುವ ಬೆಲೆಗೆ, ಲೇಬಲ್ ಪಟ್ಟಿಗೆ ಎಳ್ಳು, ಸಾಸಿವೆ. ಇದರಲ್ಲಿ ರಾಕೆಟ್ ವಿಜ್ಞಾನ ಯಾವುದೂ ಇಲ್ಲ.

ಡಾಕ್ಟರುಗಳಿಗೆ ಒಂದೇ ಕೋರಿಕೆ. ಓಪಿಡಿಯಲ್ಲಿ ನಿಮಗೆ ಸಿಗುವುದು ಒಬ್ಬರಿಗೆ ಮೂರು ನಿಮಿಷ, ಗೊತ್ತು. ಅದರಲ್ಲಿ ಹತ್ತು ಸೆಕೆಂಡು ಒಂದು ಪ್ರಶ್ನೆಗೆ ಕೊಡಿ: "ಇದರಿಂದ ಭಯ ಆಗುತ್ತೇನಪ್ಪಾ? ಏನೇನು ಬಿಟ್ಟಿದ್ದೀಯಮ್ಮಾ?"

ಈಗ ನನ್ನ ಇನ್‌ಹೇಲರ್ ಆಫೀಸಿನ ಟೇಬಲ್ ಮೇಲೆ, ಪೆನ್ ಸ್ಟ್ಯಾಂಡ್ ಪಕ್ಕ ಇರುತ್ತದೆ. ಕಾಯಿಲೆ ಹೋಗಿಲ್ಲ. ನವೆಂಬರ್, ಡಿಸೆಂಬರ್ ಈಗಲೂ ಕಷ್ಟ. ಬಚ್ಚಿಡುವ ಕೆಲಸ ನಿಂತಿದೆ, ಅಷ್ಟೇ. ಹಾಗೆ ನಿಲ್ಲಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಇವತ್ತು ಯಾವುದೋ ಹಾಸ್ಟೆಲ್‌ನಲ್ಲಿ ನಲ್ಲಿ ಬಿಟ್ಟುಕೊಂಡು ಪಫ್ ಎಳೆಯುತ್ತಿರುವ ಹುಡುಗನಿಗೆ, ಹುಡುಗಿಗೆ ಅಷ್ಟು ಕಾಲ ಬೇಕಾಗಬಾರದು.